ಸೂರ್ಯಕ್ಷೋಭೆಯೂ ವಿಶ್ವಕಿರಣಗಳೂ

ಹಾಸನದ ಪೇಟೆಯನ್ನು ಬಿಟ್ಟು ಸಾಲಗಾಮೆಯ ರಸ್ತೆಯನ್ನು ಹಿಡಿದವರ ಕಣ್ಣಿಗೆ ಬೀಳುವ, ಆಕಾಶಾಭಿಮುಖವಾಗಿ ನಿಂತ ಬೃಹತ್ ಆಂಟೆನಾಗಳ ಆವರಣವನ್ನು ಊರಿನವರು ಎಂಸಿಎಫ್ ಎಂದು ಕರೆಯುತ್ತಾರೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಾದ ಇದು ೧೯೮೨ರಲ್ಲಿ, ಇನ್ಸಾಟ್ ಶ್ರೇಣಿಯ ಮೊದಲನೆಯ ಉಪಗ್ರಹದ ಕಾಲಕ್ಕೆ ಸ್ಥಾಪಿತವಾಗಿ, ಅಂದಿನಿಂದ ಇಂದಿನವರೆಗೂ ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನೆಲೆನಿಂತ ನಮ್ಮ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮವನ್ನು ಹಗಲಿರುಳೆನ್ನದೆ ನೋಡಿಕೊಳ್ಳುತ್ತಿದೆ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯೊಳಗಣ ದೂರದರ್ಶನವೂ, ಅರಕಲಗೂಡಿನ ಆಲೂಗಡ್ಡೆಯ ಬೆಳೆಗಾರನು ಬಿತ್ತನೆಗೆ ಮುನ್ನ ಕಾತರದಿಂದ ಎದುರುನೋಡುವ ಮುಂಗಾರಿನ ಮುನ್ಸೂಚನೆಯೂ ಬಹುಮಟ್ಟಿಗೆ ಆ ಉಪಗ್ರಹಗಳನ್ನೇ ಆಶ್ರಯಿಸಿರುವುದರಿಂದ, ಸೂರ್ಯನಲ್ಲಿ ಉತ್ಪಾತವೇನಾದರೂ ಆಯಿತೆಂದರೆ ಅದರ ಚಿಂತೆ ಈ ನಾಡಿನಲ್ಲಿ ಎಲ್ಲರಿಗಿಂತ ಮೊದಲು ಮುಟ್ಟುವುದು ಹಾಸನದ ಆ ಆವರಣವನ್ನು.

ಅಂಥ ಉತ್ಪಾತವೊಂದು ೨೦೨೪ರ ಮೇ ತಿಂಗಳ ೧೦ ಮತ್ತು ೧೧ರಂದು ಸಂಭವಿಸಿತು. ಸೂರ್ಯಬಿಂಬದ ಮೇಲಿನ ಒಂದೇ ಕಲೆಗಳ ಸಮೂಹದಿಂದ ಒಂದರ ಬೆನ್ನಿಗೊಂದು ಚಿಮ್ಮಿದ, ಕಾಂತಕ್ಷೇತ್ರವನ್ನು ಗರ್ಭೀಕರಿಸಿಕೊಂಡ ಕಣಮೇಘಗಳು ಭೂಮಿಗೆ ಬಂದು ತಾಗಿ, ಎರಡು ದಶಕಗಳಲ್ಲಿ ಕಾಣದಷ್ಟು ಉಗ್ರವಾದ ಕಾಂತೀಯ ಚಂಡಮಾರುತವನ್ನು ಎಬ್ಬಿಸಿದವು. ಧ್ರುವಪ್ರದೇಶದ ಪ್ರಭೆಯ ಕೆಂಪು ಲಡಾಖಿನ ಹಾನ್ಲೆಯ ಆಕಾಶದಲ್ಲಿಯೂ ಕಾಣಿಸಿತು. ಹಾಸನದ ಕೇಂದ್ರದವರು ಕೆಲವು ಉಪಗ್ರಹಗಳನ್ನು ಸ್ಥಿರವಾಗಿರಿಸುವ ಚಕ್ರಗಳ ವೇಗದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವನ್ನು ಗಮನಿಸಿ, ಹವಾಮಾನದ ಉಪಗ್ರಹಗಳಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುವ ಉಪಕರಣವೊಂದನ್ನು ಮುಂಜಾಗ್ರತೆಯಿಂದ ಆರಿಸಿದ್ದುಂಟು. ಅದರ ಹೊರತು ದೊಡ್ಡ ಹಾನಿಯೇನೂ ಒದಗಲಿಲ್ಲ. ವೃತ್ತಪತ್ರಿಕೆಗಳೆಲ್ಲ ಈ ಪ್ರಭೆಯ ಚಿತ್ರಗಳನ್ನೂ ಅಪಾಯದ ವಾರ್ತೆಯನ್ನೂ ತುಂಬಿಕೊಂಡಿದ್ದ ಆ ದಿನಗಳಲ್ಲಿ ಅಷ್ಟಾಗಿ ಯಾರೂ ಹೇಳದ ಸಂಗತಿಯೊಂದಿತ್ತು: ಅದೇ ಚಂಡಮಾರುತದ ವೇಳೆಯಲ್ಲಿ, ನಕ್ಷತ್ರಗಳ ನಡುವಣ ಆಕಾಶದಿಂದ ಭೂಮಿಯ ಕಡೆಗೆ ಸದಾ ಸುರಿಯುತ್ತಿರುವ ವಿಶ್ವಕಿರಣಗಳ ಪ್ರಮಾಣವು ಸುಮಾರು ೧೦ ಪ್ರತಿಶತದಷ್ಟು ಕುಸಿದಿತ್ತು. ಸೂರ್ಯನು ತನ್ನ ಕೋಪದ ನಡುವೆಯೇ ನಮಗೆ ಕವಚವನ್ನೂ ತೊಡಿಸಿದ್ದನು.

ಸೂರ್ಯನು ಶಾಂತನಾಗಿದ್ದಷ್ಟೂ ನಮಗೆ ಕ್ಷೇಮ, ಕೆರಳಿದಷ್ಟೂ ಅನರ್ಥ ಎಂಬುದು ಲೋಕರೂಢಿಯ ಭಾವನೆ. ಸೂರ್ಯನಿಂದಲೇ ಹೊರಡುವ ಕಣಗಳ ಮಟ್ಟಿಗೆ ಅದು ಸರಿಯಾದ ಮಾತು. ಮೇ ೧೧ರಂದು ಅಂಥ ಸೌರಕಣಗಳು ಎಷ್ಟು ಚೈತನ್ಯದಿಂದ ಬಂದವೆಂದರೆ ಧ್ರುವಗಳ ಬಳಿಯ ನೆಲದ ಮೇಲಣ ಮಾಪಕಗಳು ಕೂಡ ಕೆಲಕಾಲ ಅವನ್ನು ಎಣಿಸಿದವು. ಆದರೆ ದೂರದಿಂದ ಬರುವ ವಿಶ್ವಕಿರಣಗಳ ಮಟ್ಟಿಗೆ ಸತ್ಯವು ಈ ರೂಢಿಗೆ ನೇರ ವಿರುದ್ಧವಾಗಿದೆ. ಸೂರ್ಯನ ಕ್ಷೋಭೆ ಏರಿದಾಗ ಅವು ಇಳಿಯುತ್ತವೆ, ಅವನು ತಣಿದಾಗ ಏರುತ್ತವೆ. ಈ ವಿಲೋಮ ಸಂಬಂಧವು ಅಳತೆಯಿಂದ ಎಲ್ಲಿಯವರೆಗೆ ಸಿದ್ಧವಾಗಿದೆಯೋ ಅಲ್ಲಿಯವರೆಗೆ ಅದನ್ನು ನಿಸ್ಸಂದೇಹವಾಗಿ ನಂಬತಕ್ಕದ್ದು. ಅದರಾಚೆಗೆ, ಹೇಳಿದವರು ಎಂಥ ಆಚಾರ್ಯರೇ ಆಗಿರಲಿ, ಅದೇ ನಂಬಿಕೆಯನ್ನು ಎಳೆದುಕೊಂಡು ಹೋಗತಕ್ಕದ್ದಲ್ಲ. ಈ ಲೇಖನದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟೇ.

ವಿಶ್ವಕಿರಣಗಳೆಂಬುವು ಹೆಸರಿಗೆ ಕಿರಣಗಳಾದರೂ ನಿಜದಲ್ಲಿ ಕಣಗಳು. ಬಹುಪಾಲು ಪ್ರೋಟಾನುಗಳು, ಸ್ವಲ್ಪ ಹೀಲಿಯಮ್ಮಿನ ಬೀಜಗಳು, ಅತ್ಯಲ್ಪಾಂಶ ಕಬ್ಬಿಣದವರೆಗಿನ ಭಾರವಾದ ಪರಮಾಣುಬೀಜಗಳು, ಎಲ್ಲವೂ ಬೆಳಕಿನದಕ್ಕೆ ಸಮೀಪವಾದ ವೇಗದಲ್ಲಿ ದಶದಿಕ್ಕುಗಳಿಂದ ಬರುತ್ತವೆ. ವಿಕ್ಟರ್ ಹೆಸ್ ಎಂಬ ಆಸ್ಟ್ರಿಯಾದ ವಿಜ್ಞಾನಿಯು ೧೯೧೨ರ ಆಗಸ್ಟ್ ೭ರಂದು ಬೆಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ, ಎತ್ತರಕ್ಕೆ ಹೋದಂತೆಲ್ಲ ವಿಕಿರಣವು ಹೆಚ್ಚುವುದನ್ನು ಕಂಡಂದಿನಿಂದ ಇವುಗಳ ಚರಿತ್ರೆ ಮೊದಲಾಗುತ್ತದೆ. ನಮ್ಮ ಬೆಂಗಳೂರು ಈ ಚರಿತ್ರೆಯಲ್ಲಿ ಬಹು ಬೇಗನೆ ಪ್ರವೇಶ ಮಾಡಿತೆಂಬುದನ್ನು ನಾವು ಸಾಲದಷ್ಟು ನೆನೆಯುತ್ತೇವೆ. ಎರಡನೆಯ ಮಹಾಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾರದೆ ಉಳಿದ ಹೋಮಿ ಭಾಭಾ ಅವರು ಸರ್ ಸಿ. ವಿ. ರಾಮನ್ ಅವರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಆರಂಭಿಸಿದರು. ತರುಣರಾದ ವಿಕ್ರಮ್ ಸಾರಾಭಾಯ್ ಅವರು ಅಲ್ಲಿಯೇ ಆ ಕಿರಣಗಳು ಕಾಲಾನುಸಾರ ಹೇಗೆ ವ್ಯತ್ಯಾಸಗೊಳ್ಳುತ್ತವೆಂಬುದನ್ನು ಅಳೆಯತೊಡಗಿದರು. ಅಮೆರಿಕದ ರಾಬರ್ಟ್ ಮಿಲಿಕನ್ ಅವರು ನೀಹರ್ ಮತ್ತು ಪಿಕರಿಂಗ್ ಎಂಬ ಸಹಚರರೊಡನೆ ೧೯೩೯–೪೦ರ ಚಳಿಗಾಲದಲ್ಲಿ ಭಾರತಕ್ಕೆ ಬಂದು, ಬೆಂಗಳೂರಿನಿಂದಲೂ ಮಾಪಕಗಳನ್ನು ಹೊತ್ತ ಬೆಲೂನುಗಳನ್ನು ಹಾರಿಸಿದರು. ಆ ಪಿಕರಿಂಗ್ ಅವರೇ ಮುಂದೆ ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನಿರ್ದೇಶಕರಾಗಿ ಶುಕ್ರಗ್ರಹಕ್ಕೆ ನೌಕೆಯನ್ನು ಕಳುಹಿಸಿದವರು; ಆ ನೌಕೆಯ ಮಾತು ಸ್ವಲ್ಪ ಮುಂದೆ ಬರುತ್ತದೆ.

ಸೂರ್ಯನಿಗೂ ವಿಶ್ವಕಿರಣಕ್ಕೂ ಇರುವ ನಂಟನ್ನು ಮೊದಲು ಹಿಡಿದವರು ಸ್ಕಾಟ್ ಫೋರ್ಬುಷ್ ಎಂಬ ವಿಜ್ಞಾನಿ. ಕಾಂತೀಯ ಚಂಡಮಾರುತವೆದ್ದಾಗ ವಿಶ್ವಕಿರಣವು ಲೋಕದ ಎಲ್ಲೆಡೆಯಲ್ಲಿಯೂ ಒಮ್ಮೆಗೇ ಕುಗ್ಗಿ, ಕೆಲವು ದಿನಗಳಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುವುದನ್ನು ಅವರು ೧೯೩೭ರ ದಾಖಲೆಗಳಲ್ಲಿ ಗುರುತಿಸಿದರು. ೧೯೫೪ರಲ್ಲಿ, ಒಂದೂವರೆ ದಶಕದ ಅಳತೆಗಳನ್ನು ಮುಂದಿಟ್ಟುಕೊಂಡು, ಸೌರಕಲೆಗಳ ಹನ್ನೊಂದು ವರ್ಷದ ಏರಿಳಿತಕ್ಕೆ ವಿಶ್ವಕಿರಣದ ಏರಿಳಿತವು ವಿಲೋಮವಾಗಿ ನಡೆಯುತ್ತದೆಂದು ತೋರಿಸಿದರು. ಆದರೆ ಈ ಅಳತೆಗಳೆಲ್ಲ ನೆಲದ ಮೇಲೆ ಕುಳಿತು ಮಾಡಿದುವು. ಭೂಮಿಗೆ ತನ್ನದೇ ಕಾಂತಕ್ಷೇತ್ರವುಂಟು. ಚಂಡಮಾರುತದಲ್ಲಿ ಕದಡುವುದು ಆ ಕ್ಷೇತ್ರವೇ. ಹಾಗಿರುವಲ್ಲಿ ಕಿರಣಗಳನ್ನು ತಡೆಯುವುದು ಸೂರ್ಯನೋ, ಇಲ್ಲವೆ ಸೂರ್ಯನ ನೆಪದಿಂದ ಕದಡಿದ ಭೂಮಿಯೇ ಅವನ್ನು ಆಚೆಗೆ ತಿರುಗಿಸುವುದೋ? ಇದು ಕುತರ್ಕವಲ್ಲ, ನ್ಯಾಯವಾದ ಆಕ್ಷೇಪ. ಭೂಮಿಯನ್ನು ಬಿಟ್ಟು ಹೊರಗೆ ಹೋಗದ ಹೊರತು ಇದನ್ನು ಪರಿಹರಿಸಲು ಉಪಾಯವಿರಲಿಲ್ಲ.

೧೯೬೦ರ ಮಾರ್ಚ್ ೧೧ರಂದು ಹೊರಟ ಪಯೋನಿಯರ್ ೫ ಎಂಬ ನೌಕೆ ಆ ಉಪಾಯವಾಯಿತು. ಅದು ಭೂಮಿಯ ಕಾಂತಪ್ರಭಾವವನ್ನು ದಾಟಿ ಲಕ್ಷಾಂತರ ಕಿಲೋಮೀಟರು ದೂರದಲ್ಲಿ ಸೂರ್ಯನನ್ನು ಸುತ್ತುತ್ತಿದ್ದಾಗ, ಮಾರ್ಚ್ ತಿಂಗಳ ಕೊನೆಯಲ್ಲಿ ಸೂರ್ಯನು ಕೆರಳಿದನು. ಭೂಮಿಯ ಮೇಲಣ ಮಾಪಕಗಳು ಫೋರ್ಬುಷರ ಕುಸಿತವನ್ನು ತೋರಿಸಿದವಷ್ಟೆ. ಅತ್ತ ಆ ನೌಕೆಯ ಮಾಪಕವೂ ಅದೇ ಹೊತ್ತಿನಲ್ಲಿ ಅಂಥದೇ ಕುಸಿತವನ್ನು, ಇನ್ನೂ ಹೆಚ್ಚಿನ ಪ್ರಮಾಣದಲ್ಲಿ, ವರದಿ ಮಾಡಿತು. ಭೂಮಿಯ ಕ್ಷೇತ್ರವೇ ಇಲ್ಲದ ಕಡೆಯಲ್ಲಿಯೂ ಕುಸಿತವಿದ್ದ ಮೇಲೆ ಕಾರಣವು ಭೂಮಿಯಲ್ಲಿರಲಾರದು. ವ್ಯೋಮನೌಕೆಗಳಿಂದ ನಮಗೆ ದೊರೆತ ಬಹು ದೊಡ್ಡ ಉಪಕಾರವೆಂದರೆ ಚಂದ್ರನ ಕಲ್ಲೂ ಅಲ್ಲ, ಮಂಗಳನ ಚಿತ್ರವೂ ಅಲ್ಲ, ಒಂದು ಹೇತುವನ್ನು ಮತ್ತೊಂದರಿಂದ ಬೇರ್ಪಡಿಸುವ ಈ ಸೌಲಭ್ಯವೇ ಎಂದು ನನಗೆ ತೋರುತ್ತದೆ.

ತಡೆಯುವ ವಸ್ತು ಯಾವುದೆಂಬುದನ್ನು ೧೯೫೮ರಲ್ಲಿಯೇ ಯೂಜೀನ್ ಪಾರ್ಕರ್ ಊಹಿಸಿದ್ದರು: ಸೂರ್ಯನ ಹೊರಾವರಣವು ತನ್ನ ತಾಪಕ್ಕೆ ತಾನೇ ನಿಲ್ಲಲಾರದೆ ಸೆಕೆಂಡಿಗೆ ನೂರಾರು ಕಿಲೋಮೀಟರು ವೇಗದಿಂದ ಎಡೆಬಿಡದೆ ಹೊರಕ್ಕೆ ಹರಿಯುತ್ತಿರಬೇಕು, ಮತ್ತು ಹರಿಯುವಾಗ ಸೂರ್ಯನ ಕಾಂತಕ್ಷೇತ್ರವನ್ನೂ ಸುರುಳಿಯಾಕಾರವಾಗಿ ಎಳೆದೊಯ್ಯುತ್ತಿರಬೇಕು. ಆ ಕಾಲದ ಹಿರಿಯರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ೧೯೬೨ರಲ್ಲಿ ಪಿಕರಿಂಗ್ ಅವರ ಪ್ರಯೋಗಾಲಯವು ಶುಕ್ರನೆಡೆಗೆ ಕಳುಹಿದ ಮ್ಯಾರಿನರ್ ೨ ನೌಕೆಯು ತಿಂಗಳುಗಟ್ಟಲೆ ಆ ಸೌರಮಾರುತವನ್ನು ಅಳೆದು, ಅದು ಒಂದು ದಿನವೂ ನಿಲ್ಲದೆಂದೂ ಅದರ ವೇಗವು ಸರಾಸರಿ ಸೆಕೆಂಡಿಗೆ ೫೦೦ ಕಿಲೋಮೀಟರಿನಷ್ಟೆಂದೂ ತಿಳಿಸಿತು. ಆ ಅಳತೆಗಳನ್ನು ಸೂರ್ಯನ ಚಟುವಟಿಕೆಗೂ ಭೂಕಾಂತದ ಕಂಪನಕ್ಕೂ ವಿಶ್ವಕಿರಣದ ವ್ಯತ್ಯಾಸಕ್ಕೂ ಹೊಂದಿಸಿ ನೋಡಿದ ೧೯೬೩ರ ಪ್ರಬಂಧದ ಮೂವರು ಕರ್ತೃಗಳಲ್ಲಿ ಸ್ನೈಡರ್ ಮತ್ತು ನ್ಯೂಗೆಬಾವರ್ ಅವರ ಜೊತೆಗೆ ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಒಬ್ಬರು.

ರಾವ್ ಅವರನ್ನು ನಮ್ಮವರು ಬಲ್ಲುದು ೧೯೭೫ರ ಏಪ್ರಿಲ್ ೧೯ರಂದು ಮೇಲೇರಿದ ಆರ್ಯಭಟದ ನಿರ್ಮಾಪಕರೆಂದು, ಇಸ್ರೋ ಸಂಸ್ಥೆಯ ಅಧ್ಯಕ್ಷರೆಂದು. ಅದಕ್ಕೂ ಮೊದಲು ಅವರು ವಿಶ್ವಕಿರಣಗಳ ವಿದ್ವಾಂಸರು. ಅಹಮದಾಬಾದಿನಲ್ಲಿ ಸಾರಾಭಾಯ್ ಅವರ ಶಿಷ್ಯರಾಗಿ ಆ ವಿದ್ಯೆಯನ್ನು ಕಲಿತು, ಅಮೆರಿಕಕ್ಕೆ ಹೋಗಿ, ಮ್ಯಾಕ್ರ್ಯಾಕನ್ ಅವರೊಡನೆ ಕೂಡಿ, ೧೯೬೫ರ ಡಿಸೆಂಬರಿನಲ್ಲಿ ಹಾರಿದ ಪಯೋನಿಯರ್ ೬ ಮತ್ತು ಅದರ ಅನಂತರದ ನೌಕೆಗಳಲ್ಲಿ ವಿಶ್ವಕಿರಣಗಳು ಯಾವ ದಿಕ್ಕಿನಿಂದ ಎಷ್ಟು ಬರುತ್ತವೆಂಬುದನ್ನು ಅಳೆಯುವ ಉಪಕರಣಗಳನ್ನು ನಡೆಸಿದರು. ಸೂರ್ಯನಿಂದ ಚಿಮ್ಮಿದ ಕಣಗಳು ನೇರವಾಗಿ ಬಾರದೆ, ಪಾರ್ಕರ್ ಹೇಳಿದ ಸುರುಳಿಯ ಕಾಂತರೇಖೆಗಳನ್ನೇ ಹಿಡಿದು ಬರುತ್ತವೆಂಬುದು ಆ ಅಳತೆಗಳಿಂದ ಸ್ಫುಟವಾಯಿತು. ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಉಪಗ್ರಹ ಕಟ್ಟಲು ತೊಡಗಿದಾಗ ಅವರ ಕೈಗೆ ಬಂದಿದ್ದ ಪಳಗಿಕೆಯು ಈ ನೌಕೆಗಳದೆಂಬುದನ್ನು ಮರೆಯಲಾಗದು.

ತಡೆಯ ಕ್ರಮವನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟವಲ್ಲ. ಮುಂಗಾರಿನ ಹೊಸನೀರು ಹೇಮಾವತಿಯಲ್ಲಿ ಇಳಿದುಬರುವಾಗ ಹೊಳೆನರಸೀಪುರದ ದಡದಲ್ಲಿ ನಿಂತವರು ಕಂಡಿರುತ್ತಾರೆ: ಎದುರೀಜುವ ಮೀನುಗಳಲ್ಲಿ ಬಲಿಷ್ಠವಾದವು ಸೆಳವನ್ನು ಸೀಳಿ ಮೇಲೇರುತ್ತವೆ, ಸಣ್ಣವು ಸುಳಿಗೆ ಸಿಕ್ಕಿ ಹಿಂದಕ್ಕೆ ಬೀಳುತ್ತವೆ, ಸೆಳವು ಒರಟಾದ ದಿನ ಮೇಲೇರುವವುಗಳ ಸಂಖ್ಯೆ ಇಳಿಯುತ್ತದೆ. ಸೌರಮಾರುತವು ಹೊರಮುಖವಾಗಿ ಹರಿಯುವ ಅಂಥ ನೀರು, ಅದರಲ್ಲಿ ತೊಡರಿಕೊಂಡ ಕಾಂತಕ್ಷೇತ್ರದ ಗಂಟುಗಳೇ ಸುಳಿಗಳು, ಒಳಮುಖವಾಗಿ ಬರುವ ವಿಶ್ವಕಿರಣಗಳೇ ಮೀನುಗಳು. ಸೂರ್ಯನು ಕ್ಷುಬ್ಧನಾದ ವರ್ಷಗಳಲ್ಲಿ ಗಂಟುಗಳು ಹೆಚ್ಚಿ ಕಡಮೆ ಚೈತನ್ಯದ ಕಣಗಳು ಬಹುವಾಗಿ ಹಿಂದುಳಿಯುತ್ತವೆ. ಆದುದರಿಂದಲೇ ದಟ್ಟವಾದ ಗಾಳಿಯ ಕೆಳಗಣ ನಮ್ಮ ಮಾಪಕಗಳು ಹತ್ತಿಪ್ಪತ್ತು ಪ್ರತಿಶತದ ವ್ಯತ್ಯಾಸವನ್ನು ಮಾತ್ರ ಕಾಣುತ್ತಿರುವಲ್ಲಿ, ವ್ಯೋಮನೌಕೆಗಳು ಕಡಮೆ ಚೈತನ್ಯದ ಕಣಗಳಲ್ಲಿ ಹಲವು ಪಟ್ಟು ವ್ಯತ್ಯಾಸವನ್ನು ಕಾಣುತ್ತವೆ. ಅತ್ಯಂತ ಚೈತನ್ಯಶಾಲಿಗಳಾದ ಕಣಗಳ ಮೇಲೆ ಸೂರ್ಯನ ಆಟ ನಡೆಯುವುದೇ ಇಲ್ಲ.

ಇಷ್ಟರಿಂದಲೇ ಮುಗಿಯದ ಒಂದು ಸೂಕ್ಷ್ಮವುಂಟು. ಸೂರ್ಯನ ಕಾಂತಧ್ರುವಗಳು ಹನ್ನೊಂದು ವರ್ಷಕ್ಕೊಮ್ಮೆ ಅದಲುಬದಲಾಗುವುದರಿಂದ ಪೂರ್ಣಚಕ್ರವು ಇಪ್ಪತ್ತೆರಡು ವರ್ಷದ್ದು. ಧನಾವೇಶದ ಕಣಗಳು ಒಂದು ಸರದಿಯಲ್ಲಿ ಸೂರ್ಯನ ಧ್ರುವಗಳ ಕಡೆಯಿಂದಲೂ ಮತ್ತೊಂದು ಸರದಿಯಲ್ಲಿ ಅವನ ಮಧ್ಯರೇಖೆಯ ಸಮತಲದಿಂದಲೂ ಒಳನುಸುಳುತ್ತವೆ. ೧೯೬೫, ೧೯೮೭, ೨೦೦೯ರ ಶಾಂತಕಾಲಗಳಲ್ಲಿ ವಿಶ್ವಕಿರಣದ ರೇಖೆಯು ಮೊನೆಯಾಗಿ ಏರಿಳಿದುದೂ, ೧೯೭೬ ಮತ್ತು ೧೯೯೭ರಲ್ಲಿ ಅದು ಚಪ್ಪಟೆಯಾಗಿ ವರ್ಷಗಟ್ಟಲೆ ನಿಂತುದೂ ಈ ಕಾರಣದಿಂದಲೇ. ಒಂದು ಚಕ್ರವನ್ನು ಮಾತ್ರ ನೋಡಿದವನು ಈ ಭೇದವನ್ನು ಕಾಣಲಾರನು.

ಶಾಂತಸೂರ್ಯನ ಅಪಾಯವು ಎಷ್ಟೆಂಬುದಕ್ಕೆ ೨೦೦೮ ಮತ್ತು ೨೦೦೯ ಸಾಕ್ಷಿ. ೨೦೦೮ರಲ್ಲಿ ೨೬೬ ದಿನಗಳು ಸೂರ್ಯಬಿಂಬದ ಮೇಲೆ ಒಂದು ಕಲೆಯೂ ಇರಲಿಲ್ಲ. ಭೂಮಿಯಿಂದ ಸೂರ್ಯನ ದಿಕ್ಕಿಗೆ ೧೫ ಲಕ್ಷ ಕಿಲೋಮೀಟರು ದೂರದಲ್ಲಿ ೧೯೯೭ರಿಂದ ಕಾವಲಿರುವ ಏಸ್ ಎಂಬ ನೌಕೆಯು ೨೦೦೯ರಲ್ಲಿ ಅಳೆದ ವಿಶ್ವಕಿರಣವು, ವ್ಯೋಮಯುಗದ ಅರ್ಧಶತಮಾನದಲ್ಲಿ ಅದುವರೆಗೆ ಕಂಡಿದ್ದ ಅತಿ ಹೆಚ್ಚಿನ ಮಟ್ಟವನ್ನೂ ೧೯ ಪ್ರತಿಶತದಷ್ಟು ಮೀರಿತ್ತು. ೨೦೦೮ರ ಅಕ್ಟೋಬರ್ ೨೨ರಂದು ಹೊರಟ ನಮ್ಮ ಚಂದ್ರಯಾನ ೧ ನೌಕೆ ಬಲ್ಗೇರಿಯದವರ ವಿಕಿರಣಮಾಪಕವನ್ನು ಹೊತ್ತು ಚಂದ್ರನನ್ನು ಸುತ್ತಿದುದು ಈ ನಿಶ್ಶಬ್ದದ ನಡುವೆಯೇ. ಮನುಷ್ಯರನ್ನು ತಿಂಗಳುಗಟ್ಟಲೆ ದೂರಕ್ಕೆ ಕಳುಹಿಸಬೇಕೆನ್ನುವವರು ಇದನ್ನು ಲಕ್ಷಿಸಬೇಕು: ಸೌರಕಣಗಳ ಮಳೆಯು ಕೆಲವು ಗಂಟೆಗಳದು, ಹೆಚ್ಚೆಂದರೆ ಕೆಲವು ದಿನಗಳದು, ದಪ್ಪನಾದ ಗೋಡೆಯ ಮರೆಗೆ ಸರಿದು ಅದನ್ನು ಕಳೆಯಬಹುದು, ವಿಶ್ವಕಿರಣವಾದರೋ ಎಡೆಬಿಡದುದು, ಗೋಡೆಗೂ ಬಗ್ಗದುದು, ಅದನ್ನು ತಗ್ಗಿಸಬಲ್ಲವನು ಕೆರಳಿದ ಸೂರ್ಯನೊಬ್ಬನೇ. ಉಪಗ್ರಹಗಳ ಸ್ಮೃತಿಕೋಶದಲ್ಲಿ ಒಂದು ಭಾರವಾದ ಬೀಜವು ಹಾಯ್ದು ಒಂದಂಕಿಯನ್ನು ಸೊನ್ನೆಯಾಗಿಸುವುದೂ ಇಂಥ ಶಾಂತಕಾಲದಲ್ಲಿಯೂ ನಡೆಯುತ್ತಲೇ ಇರುತ್ತದೆ.

ಸೂರ್ಯನ ಈ ಆಧಿಪತ್ಯಕ್ಕೆ ಮೇರೆಯುಂಟೆಂಬುದನ್ನೂ ಒಂದು ನೌಕೆಯೇ ಮುಟ್ಟಿ ತೋರಿಸಿತು. ೨೦೧೨ರ ಆಗಸ್ಟ್ ೨೫ರಂದು, ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ೧೨೨ ಪಟ್ಟಿನಲ್ಲಿ, ವಾಯೇಜರ್ ೧ರ ಮಾಪಕಗಳಲ್ಲಿ ಸೌರಮೂಲದ ಕಣಗಳು ಮಾಯವಾಗಿ ವಿಶ್ವಕಿರಣಗಳು ಒಮ್ಮೆಗೇ ಏರಿದವು. ೨೦೧೮ರ ನವೆಂಬರ್ ೫ರಂದು ವಾಯೇಜರ್ ೨ ಅದನ್ನು ಇನ್ನೊಂದೆಡೆಯಲ್ಲಿ ದೃಢಪಡಿಸಿತು.

ಸಂಬಂಧವೊಂದು ಇಷ್ಟು ಸೊಗಸಾಗಿ ಸಿದ್ಧವಾದಾಗ ಅದನ್ನು ಎಲ್ಲಕ್ಕೂ ಹಚ್ಚಬೇಕೆಂಬ ಚಾಪಲ್ಯವು ಹುಟ್ಟುವುದು ಸಹಜ; ಸೂರ್ಯನ ವಿಷಯದಲ್ಲಂತೂ ಈ ಚಾಪಲ್ಯವು ಬಹು ಹಳೆಯದು. ಯುಗಾದಿಯ ದಿನ ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಗುಡಿಯಲ್ಲಾಗಲಿ ಅರಕಲಗೂಡಿನ ಅರ್ಕೇಶ್ವರನ ಸನ್ನಿಧಿಯಲ್ಲಾಗಲಿ ಪಂಚಾಂಗಶ್ರವಣಕ್ಕೆ ಕುಳಿತವರು, ರವಿಯು ಮೇಘಾಧಿಪತಿಯಾದ ವರ್ಷದಲ್ಲಿ ಮಳೆ ಅಲ್ಪವೆಂಬ ಫಲವನ್ನು ಕೇಳಿ ತಲೆದೂಗಿ ಮನೆಗೆ ಹೋಗುತ್ತಾರೆ; ನಗರದ ವಿದ್ಯಾವಂತರು ಇದನ್ನು ಕಂಡು ನಗುವುದುಂಟು. ಆದರೆ ೧೮೭೬ರಿಂದ ೭೮ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನದ ಐವತ್ತು ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯನ್ನು ೧೮೮೧ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷಕ್ಕೆ ಇಳಿಸಿದ ಆ ಘೋರಕ್ಷಾಮದ ನಡುವೆಯೇ, ಲಂಡನ್ನಿನಲ್ಲಿ ಖಗೋಳಜ್ಞ ಲಾಕ್ಯರ್ ಮತ್ತು ಭಾರತದ ಅಂಕಿಅಂಶಗಳ ಅಧಿಕಾರಿ ಹಂಟರ್ ಇಬ್ಬರೂ ಕೂಡಿ, ಮದರಾಸಿನ ಮಳೆಯು ಸೌರಕಲೆಗಳನ್ನು ಅನುಸರಿಸುತ್ತದೆಂದೂ ಕಲೆಗಳು ಕಡಮೆಯಾದಾಗ ಬರವು ಬರುತ್ತದೆಂದೂ ಬರೆದರು. ಅಂಕಿಗಳ ವೇಷವನ್ನು ತೆಗೆದರೆ ಈ ವಾದವು ಪಂಚಾಂಗದ ಮೇಘಾಧಿಪತಿಯ ವಾದಕ್ಕಿಂತ ಎಷ್ಟು ಮಿಗಿಲು? ಒಂದು ಪ್ರಾಂತದ ಮಳೆಗೆ ಹೊಂದಿದುದು ಇನ್ನೊಂದು ಪ್ರಾಂತಕ್ಕೆ ಹೊಂದಲಿಲ್ಲ. ಆ ಕ್ಷಾಮದ ವಿಚಾರಣೆಯ ಫಲವಾಗಿ, ಸೂರ್ಯನನ್ನು ನೋಡಿ ಮುಂಗಾರನ್ನು ತಿಳಿಯುವ ಆಸೆಯಿಂದ, ಕೊಡೈಕನಾಲಿನ ಸೌರವೀಕ್ಷಣಾಲಯವು ೧೮೯೯ರಲ್ಲಿ ಹುಟ್ಟಿತು. ಅದು ಸೂರ್ಯನನ್ನು ಕುರಿತು ಉತ್ತಮವಾದ ಜ್ಞಾನವನ್ನು ಕೊಟ್ಟಿತು, ಮುಂಗಾರಿನ ಕೀಲಿಕೈಯನ್ನು ಕೊಡಲಿಲ್ಲ. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಸೌರಕಲೆಗಳ ಲೆಕ್ಕವನ್ನೂ ಶ್ರದ್ಧೆಯಿಂದ ಹಾಕಿ, ಅಲ್ಲಿ ಹುರುಳು ಕಡಮೆಯೆಂದು ಕಂಡು, ಶಾಂತಸಾಗರದಿಂದ ಹಿಂದೂಸಾಗರದವರೆಗೆ ವಾಯುಭಾರವು ತೂಗಾಡುವ ದೊಡ್ಡ ಸತ್ಯವನ್ನು ಎಡವಿ ಹಿಡಿದರು. ಧಾತು ಈಶ್ವರದ ಬರಕ್ಕೆ ಇಂದು ನಾವು ಹೇಳುವ ಕಾರಣ ಶಾಂತಸಾಗರದ ಅಸಾಮಾನ್ಯ ತಾಪವೇ ಹೊರತು ಸೂರ್ಯನ ಕಲೆಗಳಲ್ಲ.

ಇದೇ ಚಾಪಲ್ಯವು ನಮ್ಮ ಕಾಲದಲ್ಲಿ ಬಹು ಗೌರವಾರ್ಹವಾದ ಕಡೆಯಿಂದ ಮರಳಿ ಬಂದಿತು. ೨೦೧೧ರ ಜನವರಿಯಲ್ಲಿ ಯು. ಆರ್. ರಾವ್ ಅವರೇ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಹಿಮದ ಪದರಗಳಲ್ಲಿ ಉಳಿದ ಬೆರಿಲಿಯಮ್ಮಿನ ಗುರುತಿನಿಂದ ಕಳೆದ ೧೫೦ ವರ್ಷಗಳಲ್ಲಿ ವಿಶ್ವಕಿರಣವು ೯ ಪ್ರತಿಶತ ಇಳಿದಿದೆಯೆಂದು ಅಂದಾಜು ಮಾಡಿ, ವಿಶ್ವಕಿರಣವು ಮೋಡಕ್ಕೆ ಬೀಜವೆಂಬ ಮತವನ್ನು ಅದಕ್ಕೆ ಕೂಡಿಸಿ, ಭೂಮಿಯ ತಾಪವೇರಿಕೆಯಲ್ಲಿ ಗಣನೀಯವಾದ ಪಾಲು ಇದರದೆಂದು ವಾದಿಸಿದರು. ಪ್ರಬಂಧಕ್ಕೆ ರಾಜಧಾನಿಯಲ್ಲಿಯೂ ಪ್ರಚಾರ ದೊರೆಯಿತು. ರಾವ್ ಅವರ ಮೇಲಣ ನನ್ನ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇನೆ: ಸರಪಣಿಯ ಮೊದಲನೆಯ ಕೊಂಡಿಯು ಅವರೇ ಬೆಸೆದ ಉಕ್ಕು, ಮೋಡದ ಕೊಂಡಿಯು ಹಾಗಲ್ಲ. ೧೯೫೦ರ ದಶಕದಿಂದ ವಿಶ್ವಕಿರಣವನ್ನು ಅಳೆಯುವ ನ್ಯೂಟ್ರಾನ್ ಮಾಪಕಗಳ ದಾಖಲೆ ಎಡೆಬಿಡದೆ ನಡೆದುಬಂದಿದೆ. ಅದರಲ್ಲಿ ಚಕ್ರದ ಏರಿಳಿತವುಂಟೇ ಹೊರತು, ತಾಪವು ತೀವ್ರವಾಗಿ ಏರಿದ ಆ ಅವಧಿಗೆ ಸರಿಹೊಂದುವ ಒಂದೇ ಸಮನಾದ ಇಳಿತವಿಲ್ಲ. ವಿಶ್ವಕಿರಣವು ಹೆಚ್ಚಾದರೆ ಮೋಡ ಹೆಚ್ಚಿ ಭೂಮಿ ತಂಪಾಗಬೇಕಷ್ಟೆ. ವ್ಯೋಮಯುಗದ ಅತ್ಯುನ್ನತ ಮಟ್ಟಗಳು ೨೦೦೯ರಲ್ಲಿಯೂ ೨೦೧೯–೨೦ರಲ್ಲಿಯೂ ದಾಖಲಾದವು, ತಾಪವು ಮಾತ್ರ ಏರುತ್ತಲೇ ಹೋಗಿ ೨೦೨೪ರಲ್ಲಿ ಅದುವರೆಗಿನ ಎಲ್ಲ ವರ್ಷಗಳನ್ನೂ ಮೀರಿತು. ಜಿನೀವದ ಸೆರ್ನ್ ಸಂಸ್ಥೆಯವರು ಈ ಮತವನ್ನೇ ಪರೀಕ್ಷಿಸಲೆಂದು ಕಟ್ಟಿದ ಪಾತ್ರೆಯಲ್ಲಿ ಮಾಡಿದ ಪ್ರಯೋಗಗಳೂ, ಕಣಗಳ ಹುಟ್ಟಿಗೆ ವಿಶ್ವಕಿರಣದ ನೆರವುಂಟೆಂದು ಒಪ್ಪಿದರೂ, ಇಂದಿನ ವಾತಾವರಣದ ಮೋಡಗಳನ್ನು ಅದರ ಏರಿಳಿತವು ಬದಲಿಸುವುದು ಅತ್ಯಲ್ಪವೆಂಬ ಕಡೆಗೆ ವಾಲಿವೆ. ಪಯೋನಿಯರ್ ೫ರ ಕಾಲದಲ್ಲಿ ಕೇಳಿದ ಪ್ರಶ್ನೆಯನ್ನೇ, ತಡೆಯುವುದು ಯಾವುದು, ತಡೆಯುವಂತೆ ತೋರುವುದು ಯಾವುದು ಎಂಬುದನ್ನೇ, ಮೋಡದ ವಿಷಯದಲ್ಲಿಯೂ ಕೇಳಿದ್ದರೆ ಈ ತೀರ್ಮಾನಕ್ಕೆ ಅಷ್ಟು ಬೇಗ ಬರುವಂತಿರಲಿಲ್ಲ.

ಹಾಗೆಂದು ಮುಂದಿನ ಅಳತೆಗಳಿಂದ ಕಲಿಯುವುದೇನೂ ಉಳಿದಿಲ್ಲವೆಂದಲ್ಲ. ೨೦೨೪ರ ಜನವರಿ ೬ರಂದು ತನ್ನ ನೆಲೆಯನ್ನು ಸೇರಿದ ಆದಿತ್ಯ ಎಲ್ ೧ ನೌಕೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಕಟ್ಟಿದ ಕಿರೀಟದರ್ಶಕವೇ ಮೊದಲಾದ ಏಳು ಉಪಕರಣಗಳಿಂದ ಸೂರ್ಯನನ್ನೂ ಅವನ ಮಾರುತವನ್ನೂ ನೋಡುತ್ತಿದೆ. ಅವು ಕಾರಣವನ್ನು ನೋಡಲೆಂದು ರಚಿತವಾದುವು. ಅದರಲ್ಲಿಯ ಕಣಮಾಪಕವು ಎಣಿಸುವುದು ಕೆಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳವರೆಗಿನ ಕಣಗಳನ್ನು, ವಿಶ್ವಕಿರಣಗಳಾದರೋ ಅದರ ನೂರಾರು ಪಟ್ಟಿನವು. ಕಾರ್ಯದ ಕಡೆಯ ಅಳತೆಗೆ ನಾವು ಇನ್ನೂ ಪರರ ನೌಕೆಗಳನ್ನು ನೆಚ್ಚಬೇಕಾಗಿದೆ. ಬರಲಿರುವ ಶಾಂತಕಾಲವು ೨೦೩೦ರ ಆಸುಪಾಸಿನದು. ಧ್ರುವಗಳ ಸರದಿಯನ್ನು ನೋಡಿದರೆ ಅದರ ರೇಖೆಯು ೨೦೦೯ರಂತೆ ಮೊನೆಯದಾಗಬೇಕು. ಅಷ್ಟರೊಳಗೆ ಭೂಸ್ಥಿರ ಕಕ್ಷೆಗೆ ಹೋಗುವ ನಮ್ಮ ಯಾವುದಾದರೊಂದು ಉಪಗ್ರಹದ ಮೂಲೆಯಲ್ಲಿ ವಿಶ್ವಕಿರಣಗಳ ಸಣ್ಣ ಮಾಪಕವೊಂದನ್ನು ಇರಿಸಿ, ಅದರ ಆಯುಸ್ಸು ಮುಗಿಯುವ ಮೊದಲೇ ಮುಂದಿನ ಉಪಗ್ರಹದಲ್ಲಿ ಇನ್ನೊಂದನ್ನು ಇರಿಸಿ, ಇಪ್ಪತ್ತೆರಡು ವರ್ಷ ಕಡಿಯದ ದಾಖಲೆಯನ್ನು ಸಂಪಾದಿಸುವುದು ದುಬಾರಿಯಾದ ಕೆಲಸವಲ್ಲ. ಉಪಗ್ರಹವೊಂದರ ಬಾಳು ಸುಮಾರು ಹದಿನೈದು ವರ್ಷ. ಪೂರ್ಣಚಕ್ರವನ್ನು ಕಾಣಬಲ್ಲುದು ಉಪಗ್ರಹವಲ್ಲ, ಅದನ್ನು ನಡೆಸುವ ಸಂಸ್ಥೆ. ಸಾಲಗಾಮೆಯ ರಸ್ತೆಯ ಕೇಂದ್ರವಂತೂ ೧೯೮೨ರಿಂದ ಇಂದಿನವರೆಗೆ ಸೂರ್ಯನ ನಾಲ್ಕು ಗರಿಷ್ಠಗಳನ್ನೂ ನಾಲ್ಕು ಶಾಂತಕಾಲಗಳನ್ನೂ ಕಂಡಿದೆ.